ಕಬ್ಬಿಣದೊಳಗಿನ ಮೋಜಣಿ

ಕರ್ಕಿಯ ಬೀರಪ್ಪ ನಾಯ್ಕರಲ್ಲಿ ದಯೆ ಇರಲಿಲ್ಲ. ನಿಖರತೆ ಇತ್ತು, ಅದರ ಬೆನ್ನಿಗೇ ಬರುವ ಸೊಕ್ಕೂ ಇತ್ತು. ಎದುರಿನವರ ಮನಸ್ಸು ನೋಯಬಾರದೆಂದು ಒಂದು ಸಣ್ಣ ಸುಳ್ಳು ಹೇಳುವಷ್ಟು ಮೆದುತನವೂ ಆ ಮನುಷ್ಯನಲ್ಲಿಲ್ಲ ಎಂದು ಸ್ವಂತ ಮಗಳು ವಿನುತಾಳೇ ತೀರ್ಮಾನ ಮಾಡಿದ್ದಳು. ಅವಳು ಬಾಯಿಗೆ ಬಂದದ್ದನ್ನು ಹೇಳುವವಳಲ್ಲ. ಆ ಗುಣ ಅವಳಿಗೆ ಬಂದದ್ದೂ ಅಪ್ಪನಿಂದಲೇ.

ನಾಯ್ಕರು ಮೋಜಣಿದಾರರಾಗಿದ್ದವರು. ಭೂಮಿಯ ಅಳತೆಗೆ ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಬಂದ ಆ ಮಾತು ಈ ಕರಾವಳಿಯಲ್ಲಿ ಇನ್ನೂ ಹೋಗಿಲ್ಲ. ಸರಪಳಿ ಎಳೆಯುವ ಆಳಾಗಿ ಕೆಲಸಕ್ಕೆ ಸೇರಿ, ಪರೀಕ್ಷೆ ಕಟ್ಟಿ ಮೇಲೆ ಬಂದವರು. ಭಟ್ಕಳದಿಂದ ಕುಮಟಾದವರೆಗೆ ಅವರು ಕಾಲಿಡದ ಗದ್ದೆ ಇರಲಿಲ್ಲ. ಸರಪಳಿ ಮೂವತ್ತಮೂರು ಅಡಿ. ಅದರಲ್ಲಿ ಹದಿನಾರು ಆಣೆ. ಆಣೆಗೊಂದು ಹಿತ್ತಾಳೆಯ ಬಿಲ್ಲೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಲೋಕವೆಲ್ಲ ಮೀಟರಿಗೆ ಹೋದರೂ ನಾಯ್ಕರ ತಲೆಯೊಳಗೆ ಆಣೆಯ ಲೆಕ್ಕವೇ ಓಡುತ್ತಿತ್ತು. ಬಾಗಿಲ ಅಗಲವನ್ನೂ ಮಗಳ ಎತ್ತರವನ್ನೂ ಅವರು ಆಣೆಯಲ್ಲಿ ಹೇಳಿದ್ದುಂಟು.

ಎಪ್ಪತ್ತರ ದಶಕದಲ್ಲಿ ಗೇಣಿದಾರರಿಗೆ ಭೂಮಿ ಬಂದಾಗ ಅವರಿಗೆ ಕೈತುಂಬ ಕೆಲಸ. ಒಬ್ಬ ಒಡೆಯನ ಒಂದು ಹಾಳೆಯಷ್ಟು ಜಾಗ ಹತ್ತು ಹಿಸ್ಸೆಯಾಯಿತು. ಆ ಹಿಸ್ಸೆ ಮಕ್ಕಳ ಕಾಲಕ್ಕೆ ಮತ್ತೆ ಒಡೆಯಿತು. ಒಡೆದಲ್ಲೆಲ್ಲ ನಾಯ್ಕರು ಹೋಗಿ ಗಡಿಕಲ್ಲು ನೆಟ್ಟರು. ಕರ್ಕಿಯ ಅಳತೆಯೂ ಅವರ ಪಾಲಿಗೇ ಬಂತು. ಅಲ್ಲಿ ತಮ್ಮ ಅಪ್ಪ ಉಳುತ್ತಿದ್ದ ಗದ್ದೆಯ ಒಂದು ಆಣೆ ಪಟ್ಟಿ ಪಕ್ಕದವನಿಗೆ ಸೇರಬೇಕೆಂದು ಕಂಡಾಗ ಅಪ್ಪನ ಕಣ್ಣೆದುರೇ ಅದನ್ನು ಕತ್ತರಿಸಿ ಕೊಟ್ಟರು. ಅಪ್ಪ ಸಾಯುವವರೆಗೂ ಮಗನೊಡನೆ ಮನಸ್ಸಿಟ್ಟು ಮಾತಾಡಲಿಲ್ಲ. ನಾಯ್ಕರಿಗೆ ಅದರಿಂದ ನಿದ್ದೆ ಕೆಟ್ಟಂತೇನೂ ಕಾಣಲಿಲ್ಲ. ಗಡಿಕಲ್ಲು ಕಿತ್ತು ಸರಿಸಿದವರನ್ನು ಮಾತ್ರ ಅವರು ಕಳ್ಳರಿಗಿಂತ ಕಡೆಯಾಗಿ ಕಂಡರು, ಅಂಥವರ ಮನೆಯಲ್ಲಿ ನೀರು ಸಹ ಮುಟ್ಟಲಿಲ್ಲ.

ನಿವೃತ್ತರಾಗಿ ಏಳು ವರ್ಷದ ಮೇಲೆ ಅವರಿಗೆ ತಮ್ಮ ಜಾಗದ ಸುತ್ತ ಪಾಗಾರ, ಎಂದರೆ ಕಲ್ಲಿನ ಗೋಡೆ, ಕಟ್ಟಿಸುವ ಮನಸ್ಸಾಯಿತು. ತಾನು ಹೋದ ಮೇಲೆ ಗಡಿಯ ತಂಟೆ ಇರಬಾರದು ಎಂಬುದು ಅವರ ಯೋಚನೆ. ಪಾಗಾರ ಗಡಿಕಲ್ಲಿನಿಂದ ಗಡಿಕಲ್ಲಿಗೆ, ನೂಲು ಹಿಡಿದ ಹಾಗೆ ಹೋಗಬೇಕು. ಹಾಗೆ ಹೋದರೆ ಪಕ್ಕದ ಗಣಪಿಯ ದಾರಿ ಮುಚ್ಚುತ್ತಿತ್ತು.

ಗಣಪಿ ಗಂಡನಿಲ್ಲದ ಹೆಂಗಸು. ಹರಿವೆ, ಬಸಳೆ ಬೆಳೆದು ಬುಟ್ಟಿಯಲ್ಲಿ ಹೊತ್ತು ಹೊನ್ನಾವರದ ಪೇಟೆಗೆ ಹೋಗಿ ಬದುಕುವವಳು. ಅವಳದು ಮೂರು ಮೂಲೆಯ ಪುಟ್ಟ ಹಿತ್ತಲು. ಒಂದು ಮಗ್ಗಲಿಗೆ ಹಳ್ಳ, ಒಂದು ಮಗ್ಗಲಿಗೆ ಬೇರೆಯವರ ಗದ್ದೆ, ಮೂರನೆಯದಕ್ಕೆ ನಾಯ್ಕರ ಜಾಗ. ರಸ್ತೆಗೆ ಬರಲು ಅವಳು ನಾಯ್ಕರ ಗಡಿಯೊಳಗಿನ ಎರಡಾಣೆ ಅಗಲದ ಪಟ್ಟಿಯ ಮೇಲೆ, ಎಂದರೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹಿಡಿಯುವಷ್ಟು ಜಾಗದಲ್ಲಿ, ಮದುವೆಯಾಗಿ ಬಂದಂದಿನಿಂದ ನಡೆದಿದ್ದಳು. ಅದು ಮುಚ್ಚಿದರೆ ಗದ್ದೆಯ ಬದುವಿನ ಹಾಳಿ ಹಿಡಿದು ಸುತ್ತಿ, ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಿ ರಸ್ತೆ ಸೇರಬೇಕು. ಅವಳ ಎಡಗಾಲು ಆಗಲೇ ಊದಿಕೊಂಡಿತ್ತು.

ವಿನುತಾ ಅಪ್ಪನ ಹತ್ತಿರ ಮಾತೆತ್ತಿದಳು.

"ಅಳತೆ ಹೇಳಿದ್ರೆ ಅಳತೆ," ಎಂದರು ನಾಯ್ಕರು. "ಊರಿಗೆಲ್ಲ ಕಲ್ಲು ನೆಟ್ಟವ ತನ್ನ ಕಲ್ಲು ತಾನೇ ಬಿಟ್ಟು ಪಾಗಾರ ಕಟ್ಟಿದ ಹೇಳಿ ನಾಳೆ ಜನ ನಗೂದಿಲ್ಲವಾ?"

"ಇವ್ರಿಗೆ ಹೆಣ್ಣು ಕೊಡೂಕಿಂತ ಮುಂಚೆ ನಮ್ಮಪ್ಪ ಆ ಸರಪಳಿ ಒಂದು ನೋಡ್ಬೇಕಿತ್ತು," ಎಂದು ಒಳಗಿನಿಂದ ನಾಯ್ಕರ ಹೆಂಡತಿ ಹೊನ್ನಿ ಹೇಳಿದಳು.

ವಿನುತಾ ಗಣಪಿಯ ಹಿತ್ತಲಿಗೆ ಹೋದಳು. ಅಲ್ಲಿ ಕೆಲಸ ಇನ್ನೂ ಕಷ್ಟವಾಯಿತು.

"ಗಣಪಕ್ಕ, ನೀನೇ ಒಂದು ಮಾತು ಕೇಳು. 'ದಾರಿ ಬಿಡು ಬೀರಣ್ಣ' ಹೇಳಿ ಹೇಳು. ನೀ ಕೇಳಿದ್ರೆ ಬಿಟ್ಟರೂ ಬಿಟ್ಟ."

"ನಾ ಕೇಳೂದಿಲ್ಲ. ಜಾಗ ಅವಂದಾದ್ರೆ ಅವ ಕಟ್ಟಲಿ. ನಂದಾದ್ರೆ ನಾ ನಡೀತೆ. ಅವ ಧರ್ಮಕ್ಕೆ ಬಿಟ್ಟ ದಾರೀಲಿ ದಿನಾ ತಲೆ ತಗ್ಗಿಸ್ಕಂಡು ಹೋಗೂದು ನನ್ನಿಂದಾಗ್ದು."

"ಈ ಕಾಲಲ್ಲಿ ಸಂಕ ದಾಟ್ತ್ಯಾ?"

"ದಾಟೂಕಾಗ್ದಿದ್ರೆ ಹಳ್ಳಕ್ಕೆ ಬೀಳ್ತೆ. ಹೆಣ ಎಷ್ಟಾಣೆ ಉದ್ದ ಅದೆ ಹೇಳಿ ನಿನ್ನಪ್ಪ ಬಂದು ಅಳೀಲಿ."

ಇಬ್ಬರೂ ಒಂದೇ ಕಲ್ಲಿನಲ್ಲಿ ಕಡೆದವರು ಎಂದುಕೊಂಡು ವಿನುತಾ ತನ್ನ ಕೆಲಸಕ್ಕೆ ಹೋದಳು.

ಅವಳ ಕೆಲಸ ಭಟ್ಕಳದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಲೋಹಗಳ ಪಾಠ ಅವಳದು. ಒಂದು ತುಂಡು ಕಬ್ಬಿಣವನ್ನು ಕನ್ನಡಿಯ ಹಾಗೆ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ಒಂದೇ ಮೈ ಅಲ್ಲ, ಒತ್ತೊತ್ತಾಗಿ ಕೂತ ಕಾಳುಗಳ ರಾಶಿ ಎಂದು ಕಾಣುತ್ತದೆ. ಕಾಳಿಗೂ ಕಾಳಿಗೂ ನಡುವೆ ಕೂದಲೆಳೆಯ ಗಡಿ. ಕಬ್ಬಿಣವನ್ನು ಕರಗಿಸದೆ ಬರೇ ಕಾಯಿಸಿಟ್ಟರೂ ಆ ಗಡಿಗಳು ಸರಿಯುತ್ತವೆ. ಕೆಲವು ಕಾಳು ಬೆಳೆಯುತ್ತವೆ, ಕೆಲವು ಇಲ್ಲವಾಗುತ್ತವೆ. ಆದರೆ ಕುಲುಮೆಯೊಳಗೆ ಕಣ್ಣಿಡಲಾಗುವುದಿಲ್ಲ. ತಣಿದ ಮೇಲೆ ಆದದ್ದು ಕಾಣುತ್ತದೆ, ಆಗುವುದು ಕಾಣುವುದಿಲ್ಲ. ಮಕ್ಕಳಿಗೆ ಅವಳು ವರ್ಷವರ್ಷವೂ ಕಾಯಿಸುವ ಮೊದಲಿನ, ಆಮೇಲಿನ ಎರಡು ಚಿತ್ರ ತೋರಿಸಿ ನಡುವಿನದನ್ನು ಕೈಬೀಸಿ ಹೇಳುತ್ತಿದ್ದಳು.

ಆ ವರ್ಷ ಅವಳಿಗೆ ಅಂತರ್ಜಾಲದಲ್ಲಿ ಒಂದು ಪುಟ ಸಿಕ್ಕಿತು. ಯಾವುದೋ ದೂರದೇಶದ ವಿಶ್ವವಿದ್ಯಾಲಯ ಅದನ್ನು ಬೇಕಾದವರಿಗೆಲ್ಲ ತೆರೆದಿಟ್ಟಿತ್ತು. ಹೆಸರು, ಕಾಲೇಜು ಬರೆದು ಕಳಿಸಿದರೆ ಒಳಗೆ ಬಿಡುತ್ತಿದ್ದರು. ಹಾಳೆಯ ಅಳತೆ ಎಷ್ಟು, ಮೊದಲಿಗೆ ಕಾಳು ಎಷ್ಟು, ಕಾವು ಎಷ್ಟು ಎಂದು ಚೌಕಗಳಲ್ಲಿ ತುಂಬಿ ಗುಂಡಿ ಒತ್ತಬೇಕು. ಲೆಕ್ಕ ಹಾಕುವುದು ಅಲ್ಲಿನ ದೊಡ್ಡ ಯಂತ್ರ. ಚಿತ್ರ ಬರುವುದು ಇಲ್ಲಿಯ ಪರದೆಗೆ. ಭಾನುವಾರ ಕಾಲೇಜು ಮುಚ್ಚಿರುತ್ತಿದ್ದುದರಿಂದ ಅವಳು ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಭಾಸ್ಕರನ ಸೈಬರ್ ಅಂಗಡಿಗೆ ಹೋದಳು. ಪಾಗಾರದ ಚಿರೆಕಲ್ಲು ಗೊತ್ತುಮಾಡಲು ನಾಯ್ಕರೂ ಅದೇ ಬಸ್ಸಿಗೆ ಬಂದಿದ್ದರು. ಕಲ್ಲಿನವನು ಊಟಕ್ಕೆ ಹೋಗಿದ್ದ. ಬಿಸಿಲಲ್ಲಿ ನಿಲ್ಲುವ ಬದಲು ಮೆಟ್ಟಿಲು ಹತ್ತಿ ಬಂದು ಮಗಳ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

ಪರದೆಯ ಮೇಲೆ ಚಿತ್ರ ಮೂಡಿತು. ನೂರಾರು ಬಣ್ಣದ ತೇಪೆಗಳು, ಸುತ್ತ ಕಪ್ಪು ಗೆರೆಗಳು. ಕ್ಷಣ ಕಳೆದಂತೆ ಗೆರೆಗಳು ಅಲುಗಿದವು. ಒಂದು ಹಸಿರು ತೇಪೆ ಕುಗ್ಗಿತು, ಚುಕ್ಕಿಯಾಯಿತು, ಇಲ್ಲವಾಯಿತು. ಅದಿದ್ದ ಜಾಗವನ್ನು ಸುತ್ತಲಿನವು ತಮ್ಮಲ್ಲೇ ಹಂಚಿಕೊಂಡವು.

ನಾಯ್ಕರು ಎದ್ದು ನಿಂತರು.

"ಯಾವ ಊರಿನ ನಕ್ಷೆ ಇದು?"

ವಿನುತಾ ತಿರುಗುವಷ್ಟರಲ್ಲಿ ಅವರ ಬೆರಳು ಪರದೆಯ ಮೇಲಿತ್ತು. "ಇಲ್ಲೊಂದು ಹಿಸ್ಸೆ ಇತ್ತು. ನಾ ಕಂಡಿದ್ದೆ. ಯಾರು ಅಳಿಸ್ತಾ ಇದ್ದಾರೆ? ಪಹಣಿ ಎಲ್ಲ ಕಂಪ್ಯೂಟರಿಗೆ ಹಾಕಿದ್ರು ಹೇಳುವಾಗ್ಲೇ ನಂಗೆ ಸಂಶಯ ಇತ್ತು."

"ನಾಯ್ಕ್ರೆ, ಪರದೆ ಮುಟ್ಬ್ಯಾಡಿ ಮಾರಾಯ್ರೆ," ಎಂದ ಭಾಸ್ಕರ ಕೂತಲ್ಲಿಂದಲೇ. "ನಿಮ್ಮ ಬೆರಳಚ್ಚೇ ಅರ್ಧ ಗುಂಟೆ ಬಿದ್ದದೆ."

"ಇದು ಭೂಮಿ ಅಲ್ಲ ಅಪ್ಪಾ, ಕಬ್ಬಿಣ," ಎಂದಳು ವಿನುತಾ. "ನಿನ್ನ ಸರಪಳಿಯ ಕೊಂಡಿ ಒಳಗೆ ಹಿಂಗೇ ಅದೆ. ಕಾಯಿಸಿದ್ರೆ ಹಿಂಗೇ ಆತದೆ."

ನಾಯ್ಕರು ಕೂತರು. ನಂಬಲಿಲ್ಲ, ಆದರೆ ಕೂತರು. ಗಡಿ ನೋಡುವುದು ಅವರಿಗೆ ಅಭ್ಯಾಸವಾಗಿದ್ದುದರಿಂದ ಉಳಿದವರು ಬಣ್ಣ ನೋಡುವಲ್ಲಿ ಅವರು ಗೆರೆಯನ್ನೇ ನೋಡಿದರು.

"ಎಲ್ಲಾ ಕಡೆ ಮೂರೇ ಗೆರೆ ಕೂಡ್ತದೆ. ನಾಲ್ಕು ಎಲ್ಲೂ ಇಲ್ಲ."

"ನಾಲ್ಕು ಕೂಡಿದ್ರೆ ನಿಲ್ಲೂದಿಲ್ಲ. ಕೂಡಲೇ ಒಡೆದು ಮೂರು ಮೂರು ಆತದೆ."

"ಯಾರು ಒಡೀತಾರೆ?"

"ಯಾರೂ ಇಲ್ಲ. ಗಡಿಯ ಉದ್ದ ಒಟ್ಟಾರೆ ಕಡಮೆ ಆಗ್ಬೇಕು, ಅದೊಂದೇ ನಿಯಮ. ಒಂದೊಂದು ಚುಕ್ಕಿಯೂ ತನ್ನ ಪಕ್ಕದ್ದನ್ನ ಮಾತ್ರ ಕಾಣ್ತದೆ. ಇಡೀ ಹಾಳೆ ಕಾಣುವವರು ಯಾರೂ ಅದರೊಳಗಿಲ್ಲ."

ನಾಯ್ಕರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ಇಡೀ ಹಾಳೆ ನೋಡುವವರಿಲ್ಲದೆ, ಮೋಜಣಿದಾರನಿಲ್ಲದೆ, ಅರ್ಜಿಯಿಲ್ಲದೆ ನೂರಾರು ಗಡಿಗಳು ಒಂದನ್ನೊಂದು ಬಲ್ಲವರ ಹಾಗೆ ಸರಿಯುತ್ತಿದ್ದವು. ಹಾಳೆಯ ಒಟ್ಟು ಅಳತೆಯಲ್ಲಿ ಒಂದು ಆಣೆ ಹೆಚ್ಚಿಲ್ಲ, ಒಂದು ಆಣೆ ಕಡಿಮೆಯಿಲ್ಲ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಮೊದಲೇ ಹೇಳಬಹುದೇ ಎಂದು ಅವರು ಕೇಳಿದರು.

"ಹೇಳ್ಬಹುದು. ಅದರ ಸುತ್ತ ಎಷ್ಟು ನೆರೆಯವರು ಹೇಳಿ ಎಣಿಸು. ಆರು ಜನ ಇದ್ರೆ ಅದು ಇದ್ದ ಹಾಗೇ ಇರ್ತದೆ. ಆರಕ್ಕಿಂತ ಹೆಚ್ಚಿದ್ರೆ ಬೆಳೀತದೆ. ಕಡಮೆ ಇದ್ರೆ ಸಣ್ಣ ಆತಾ ಹೋತದೆ."

"ದೊಡ್ಡದಾ ಸಣ್ಣದಾ ಹೇಳೂದು ಲೆಕ್ಕಕ್ಕಿಲ್ಲವಾ?"

"ಇಲ್ಲ. ನೆರೆಯವರು ಮಾತ್ರ ಲೆಕ್ಕ."

ಹೀಗೆ ಹೇಳುತ್ತ ವಿನುತಾಳೂ ಪರದೆಯ ಕಡೆ ಬಾಗಿದಳು. ಪುಸ್ತಕದಲ್ಲಿ ಅವಳು ಎಷ್ಟೋ ಸಲ ಓದಿದ್ದ ಸೂತ್ರ ಅದು. ಕಣ್ಣಾರೆ ನಡೆಯುವುದನ್ನು ಅವಳೂ ಅಂದೇ ನೋಡಿದ್ದು. ಐದು ಮಗ್ಗಲಿನದು ತಡೆದು ತಡೆದು ಸೋಲುತ್ತಿತ್ತು, ನಾಲ್ಕು ಮಗ್ಗಲಿನದು ಬೇಗ. ಎಂಟು ಮಗ್ಗಲಿನದೊಂದು ನೀಲಿ ಕಾಳು ಎಲ್ಲ ಕಡೆಗೂ ಉಬ್ಬಿ ಹಬ್ಬುತ್ತಿತ್ತು. ಈ ಕಟ್ಟಡದ ಸರಳುಗಳೊಳಗೆ, ಕೆಳಗೆ ನಿಂತ ಬಸ್ಸಿನ ಅಚ್ಚಿನೊಳಗೆ, ಅಲುಗದೆ ಗಂಭೀರವಾಗಿ ಕಾಣುವ ಕಬ್ಬಿಣವೆಲ್ಲದರೊಳಗೆ ಇಂಥದೇ ಊರುಗಳಿವೆ ಎಂಬುದು ಅವಳಿಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದುದು ಬೇರೆ, ಅಂದು ಅದು ಎದೆಗೆ ತಾಗಿದ್ದು ಬೇರೆ.

ಭಾಸ್ಕರ ಎದ್ದು ಬಂದು ಇಣುಕಿದ. "ಇದೆಂತ, ನಮ್ಮ ಕರ್ಕಿಯವರ ಯಕ್ಷಗಾನದ ಬಣ್ಣದ ವೇಷದ ಮುಖ ಹತ್ತಿರದಿಂದ ಕಂಡ ಹಾಗದೆಯಲ್ಲೆ ತಂಗಿ."

"ಸುಮ್ನಿರು ಮಾರಾಯ," ಎಂದರು ನಾಯ್ಕರು. ಅವರ ಕಣ್ಣು ಹಾಳೆಯ ಒಂದು ಮೂಲೆಯ ಮೇಲಿತ್ತು. "ನಾ ಜೀವಮಾನ ಇಡೀ ಮಾಡಿದ್ದನ್ನ ಇದು ಹಿಂದಿಂದ ಓಡಿಸ್ತದೆ. ನಾ ಒಂದನ್ನ ಹತ್ತು ಮಾಡಿದೆ. ಇದು ಹತ್ತನ್ನ ಒಂದು ಮಾಡ್ತದೆ."

ಅವರು ನೋಡುತ್ತಿದ್ದುದು ಮೂರು ಮಗ್ಗಲಿನ ಒಂದು ಹಳದಿ ಕಾಳನ್ನು. "ಇದು?" ಎಂದರು.

"ಹೋತದೆ."

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಬ್ಯಾಟರಿ ಹಾಳಾಗಿ ತಿಂಗಳಾಗಿತ್ತು, ಭಾಸ್ಕರ ಯಾರನ್ನೋ ಬೈಯುತ್ತ ಕಿಟಕಿ ತೆರೆದ. ಇಷ್ಟು ಹೊತ್ತಿನ ಕೆಲಸ ಹೋಯಿತೇ ಎಂದು ನಾಯ್ಕರು ಕೇಳಿದರು. ಹೋಗಿಲ್ಲ, ಲೆಕ್ಕ ನಡೆಯುವುದು ಇಲ್ಲಲ್ಲ, ಅಲ್ಲಿ ಎಂದಳು ವಿನುತಾ. ನಾಯ್ಕರು ಆ ಕಪ್ಪು ಪರದೆಯನ್ನೇ ನೋಡುತ್ತ ಕೂತರು. ಇಲ್ಲಿ ಫ್ಯಾನು ನಿಂತು ಮನುಷ್ಯರು ಬೆವರುತ್ತಿದ್ದಾಗ, ಸಮುದ್ರದಾಚೆ, ಯಾರೂ ನೋಡದಿರುವಾಗಲೂ ಆ ಗಡಿಗಳು ಸರಿಯುತ್ತಲೇ ಇದ್ದವು.

ಕರೆಂಟ್ ಬಂದ ಮೇಲೆ ಅವಳು ಮತ್ತೆ ಆ ಪುಟದ ಒಳಹೊಕ್ಕಳು. ಹಾಳೆಯಲ್ಲಿ ಕೆಲವೇ ದೊಡ್ಡ ಕಾಳುಗಳು ಉಳಿದಿದ್ದವು. ಹಳದಿ ಇರಲಿಲ್ಲ. ಅದಿದ್ದ ಮೂಲೆಯಲ್ಲಿ ನೀಲಿ ಹಬ್ಬಿತ್ತು. ಒಂದು ಕಲೆಯಿಲ್ಲ, ಗುರುತಿಲ್ಲ.

"ಇಲ್ಲೊಂದು ಇತ್ತು ಹೇಳಿ ಈಗ ಯಾರಿಗಾದ್ರೂ ತಿಳೀತದಾ?" ಎಂದು ನಾಯ್ಕರು ಕೇಳಿದರು.

"ಇಲ್ಲ."

ಅವರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಕಲ್ಲು ಹಾಕೂಕೆ ಬತ್ತದಾ?" ಎಂದರು.

ಯಾವ ಕಲ್ಲು ಎಂದು ಕೇಳಲು ಹೋದ ವಿನುತಾ ತಡೆದಳು. ಆ ಪುಟದಲ್ಲಿ ಅವಳು ಎಂದೂ ಮುಟ್ಟದ ಒಂದು ಚೌಕವಿತ್ತು. ಲೋಹದ ನಡುನಡುವೆ ಕರಗದ, ಕದಲದ ಸಣ್ಣ ಹರಳುಗಳನ್ನು ಚೆಲ್ಲಬೇಕಾದರೆ ಅಲ್ಲಿ ತುಂಬಬೇಕು. ಉಕ್ಕು ಮಾಡುವವರು ಬೇಕೆಂದೇ ಅಂಥ ಹರಳು ಸೇರಿಸುತ್ತಾರೆ. ಅವಳು ತುಂಬಿದಳು. ಉಳಿದುದೆಲ್ಲ ಮೊದಲಿನಂತೆಯೇ ಇಟ್ಟು ಗುಂಡಿ ಒತ್ತಿದಳು.

ಮತ್ತೆ ನೂರಾರು ಬಣ್ಣದ ಕಾಳುಗಳು. ಈ ಸಲ ಅವುಗಳ ಮೇಲೆ ಸಾಸಿವೆಯಂಥ ಕಪ್ಪು ಚುಕ್ಕಿಗಳು. ಗಡಿಗಳು ಹೊರಟವು. ಮೊದಲಿನಷ್ಟೇ ರಭಸದಿಂದ ಹೊರಟವು. ಒಂದು ಗೆರೆ ಹೋಗಿ ಒಂದು ಚುಕ್ಕಿಗೆ ತಾಗಿ, ಬಟ್ಟೆ ಮುಳ್ಳಿಗೆ ಸಿಕ್ಕಿದ ಹಾಗೆ, ಅಲ್ಲೇ ನಿಂತಿತು. ಎರಡೂ ಕಡೆ ಉಬ್ಬಿ ಎಳೆಯಿತು, ಬಿಡಿಸಿಕೊಳ್ಳಲಾಗಲಿಲ್ಲ. ಆಮೇಲೆ ಇನ್ನೊಂದು. ನೋಡನೋಡುತ್ತ ಹಾಳೆಯೆಲ್ಲ ನಿಂತಿತು. ಎಂಟು ಮಗ್ಗಲಿನದು ಹಬ್ಬಲಾರದೆ ನಿಂತಿತು. ಅದರ ಪಕ್ಕದಲ್ಲಿ ಮೂರು ಮಗ್ಗಲಿನ ಪುಟ್ಟದೊಂದು, ಕುಗ್ಗಿ ಅರ್ಧವಾದದ್ದು, ಮೂರು ಚುಕ್ಕಿಗಳ ನಡುವೆ ಉಳಿದುಬಿಟ್ಟಿತು.

ನಾಯ್ಕರು ಬಗ್ಗಿ ಆ ಮೂರು ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದರು.

"ದೊಡ್ಡದರ ಮನಸ್ಸು ಬದಲಾಯ್ತಾ?"

"ಮನಸ್ಸೆಲ್ಲ ಇಲ್ಲ ಅಪ್ಪಾ. ಅದು ಈಗ್ಲೂ ತಳ್ತಾನೇ ಅದೆ. ಕಲ್ಲು ಬಿಡ್ತಾ ಇಲ್ಲ, ಅಷ್ಟೇ."

"ಆತು," ಎಂದರು ನಾಯ್ಕರು, ಮತ್ತೊಮ್ಮೆ, "ಆತು."

ಕೆಳಗೆ ಇಳಿದು ಚಿರೆಕಲ್ಲು ಗೊತ್ತುಮಾಡಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ, "ಕಲ್ಲು ಗಡಿ ಮೇಲೇ ಇರ್ಬೇಕಾ?" ಎಂದು ಕೇಳಿದರು.

"ಎಲ್ಲಿ ಇದ್ರೂ ಆತು. ಗಡಿ ಬಂದು ಅಲ್ಲಿ ಸಿಕ್ಕಿಕೊಳ್ತದೆ. ಆದ್ರೆ ಅಪ್ಪಾ, ಅದು ಲೋಹ. ಊರಿಗೆ ಹೋಲಿಸ್ಬ್ಯಾಡ."

"ನಾನೆಂತ ಹೋಲಿಸಿದೆ? ಹೋಲಿಸ್ತಾ ಇದ್ದದ್ದು ನೀನು."

ಅದು ನಿಜವಾಗಿತ್ತು. ಲೋಹ ಯಾರಿಗೂ ನೀತಿ ಹೇಳುವುದಿಲ್ಲ ಎಂಬುದನ್ನು ತರಗತಿಯಲ್ಲಿ ಅವಳೇ ಖಡಾಖಂಡಿತವಾಗಿ ಹೇಳುತ್ತಿದ್ದಳು.

ಮುಂದಿನ ಭಾನುವಾರ ಚಿರೆಕಲ್ಲು ಬಂದು ಬಿದ್ದಿತ್ತು. ಮೇಸ್ತ್ರಿ ಶ್ರೀಕೃಷ್ಣ ನೂಲುಂಡೆ ಹಿಡಿದು ನಿಂತಿದ್ದ. ನಾಯ್ಕರು ಅಟ್ಟದಿಂದ ಹಳೆಯ ಸರಪಳಿ ಇಳಿಸಿ ತಂದರು. ಒಂದು ತುದಿ ಮಗಳಿಗೆ ಕೊಟ್ಟು, ಮನೆಯ ಮೂಲೆಗಲ್ಲಿಗೆ ಹಿಡಿಯಲು ಹೇಳಿದರು. ಇನ್ನೊಂದು ತುದಿ ಎಳೆದುಕೊಂಡು ತಾವು ಗಡಿಯ ಕಡೆ ನಡೆದರು. ಗಣಪಿ ಪೇಟೆಗೆ ಹೊರಟವಳು ಬುಟ್ಟಿ ಇಳಿಸಿಟ್ಟು ತನ್ನ ಹಿತ್ತಲ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಇಂದಿನಿಂದ ತನಗೆ ಸಂಕವೇ ಎಂದು ಅವಳ ಮುಖದಲ್ಲಿ ಬರೆದಿತ್ತು.

ಸರಪಳಿ ಬಿಗಿಯಿತು. ವಿನುತಾ ತನ್ನ ತುದಿಗೆ ಮೇಸ್ತ್ರಿಯ ಗೂಟ ಬಡಿಸಿ ಹತ್ತಿರ ಬಂದು ನೋಡಿದಳು. ಹಿತ್ತಾಳೆಯ ಬಿಲ್ಲೆ ಗಡಿಕಲ್ಲಿನ ತಲೆಯ ಮೇಲೆ ಕೊರೆದ ಗೆರೆಗೆ ಸರಿಯಾಗಿ ಕೂತಿತ್ತು. ಮೂವತ್ತು ವರ್ಷ ಕಳೆದರೂ ಅಳತೆ ಕೂದಲಷ್ಟೂ ಆಚೀಚೆ ಆಗಿರಲಿಲ್ಲ.

ನಾಯ್ಕರು ಬಗ್ಗಿ ಆ ಬಿಲ್ಲೆಯನ್ನು ನೋಡಿದರು. ಎದ್ದರು.

"ತಪ್ಪು," ಎಂದರು.

"ಎಂತ ತಪ್ಪು?" ಎಂದ ಶ್ರೀಕೃಷ್ಣ.

"ಕಲ್ಲು ಬಿದ್ದ ಜಾಗ ತಪ್ಪು. ಆವಾಗ ನಾನೇ ಅಳತೆ ತಪ್ಪಿದ್ದು. ಎರಡಾಣೆ ಜಾಗ ಗಣಪಿಗೆ ಸೇರ್ಬೇಕಿತ್ತು. ಕಲ್ಲು ಕೀಳು. ನಮ್ಮ ಬದಿಗೆ ಎರಡಾಣೆ ಒಳಗೆ, ಇಲ್ಲಿ ನೆಡು. ಪಾಗಾರ ಈ ಕಲ್ಲಿಂದ."

"ಕಾಗದಪತ್ರದಲ್ಲಿ?"

"ಅದಕ್ಕೆ ಅರ್ಜಿ ನಾ ಕೊಡ್ತೆ. ನೀ ಕೀಳು."

ಜಗಲಿಯಲ್ಲಿ ನಿಂತಿದ್ದ ಹೊನ್ನಿ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟಳು. ಗಣಪಿ ಮಾತ್ರ ಅಷ್ಟಕ್ಕೆ ಬಿಡುವವಳಾಗಿರಲಿಲ್ಲ.

"ಬೀರಣ್ಣ, ನೀ ಅಳತೆ ತಪ್ಪಿದ್ಯಾ? ಸುಮ್ನೆ ಧರ್ಮಕ್ಕೆ ಕೊಡೂದಾದ್ರೆ ನಂಗೆ ಬ್ಯಾಡ. ಮೊದ್ಲೇ ಹೇಳಿದ್ದೆ."

"ಧರ್ಮಕ್ಕೆ ನಾನೆಂತಕ್ಕೆ ಕೊಡ್ಲಿ? ಅಳೆದ ದಿನ ಬಿಸಿಲು ಬಹಳ ಇತ್ತು. ಬಿಸಿಲಿಗೆ ಸರಪಳಿ ಉದ್ದ ಆತದೆ. ನಾ ಲಕ್ಷ್ಯ ಮಾಡ್ಲಿಲ್ಲ."

ಗಣಪಿ ಅವರನ್ನು ನೋಡಿದಳು. ಆಮೇಲೆ ವಿನುತಾಳ ಕಡೆ ತಿರುಗಿದಳು.

"ತಂಗಿ, ನೀ ಕಬ್ಬಿಣದ್ದೇ ಕಲ್ತವಳು. ಬಿಸಿಲಿಗೆ ಕಬ್ಬಿಣ ಉದ್ದ ಆತದಾ?"

ಆಗುತ್ತದೆ. ಕರ್ಕಿಯ ಬಿಸಿಲಿಗೆ ಮೂವತ್ತಮೂರು ಅಡಿಯ ಸರಪಳಿ ಒಂದು ಅಕ್ಕಿಕಾಳಿನ ಉದ್ದವೂ ಬೆಳೆಯುವುದಿಲ್ಲ. ಎರಡು ಆಣೆ ಬೆಳೆಯಬೇಕಾದರೆ ಸರಪಳಿ ಕರಗಿ ಹರಿಯಬೇಕು. ಇದು ವಿನುತಾಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅಪ್ಪನಿಗೂ ಗೊತ್ತಿತ್ತು. ಅವರು ಮಗಳ ಮುಖ ನೋಡದೆ ಸರಪಳಿಯನ್ನು ಕೊಂಡಿಗೆ ಕೊಂಡಿ ಸೇರಿಸಿ ಮಡಚುತ್ತಿದ್ದರು.

"ಆತದೆ ಗಣಪಕ್ಕ," ಎಂದಳು ವಿನುತಾ.

ಗಣಪಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷ ತನ್ನ ಜಾಗ ತಿಂದಿದ್ದಕ್ಕೆ ಒಂದು ಮಾತು ಗೊಣಗಿ, ಆ ಪಟ್ಟಿಯ ನಟ್ಟನಡುವೆ ರಸ್ತೆಯ ಕಡೆ ನಡೆದಳು. ಶ್ರೀಕೃಷ್ಣ ಕಲ್ಲನ್ನು ಹೊಸ ಜಾಗದಲ್ಲಿ ನೆಟ್ಟು ಸುತ್ತ ಚೂರುಗಲ್ಲು ಬಡಿದ. ಹಳೆಯ ಗುಂಡಿಗೆ ಮಣ್ಣು ಎಳೆಯಲು ಅವನು ಬಂದಾಗ ನಾಯ್ಕರು ಬೇಡವೆಂದು ಕೈ ಅಡ್ಡ ಮಾಡಿದರು. ಚಪ್ಪಲಿ ಬಿಟ್ಟು, ತಾವೇ ಮಣ್ಣು ತುಂಬಿ, ಅಲ್ಲೊಂದು ಕಲ್ಲು ಇತ್ತೆಂದು ಯಾರಿಗೂ ತಿಳಿಯದ ಹಾಗೆ ಬರಿಗಾಲಿನಿಂದ ತುಳಿದು ಸಮ ಮಾಡಿದರು.